ಮೆಕ್ಸಿಕನ್ ಬನ್ನೂ ನನ್ನ ಕುರ್ಚಿ ವ್ರತವೂ

ಕೂಗಾಡುವ ಹೆಂಡತಿಯ ಜೊತೆ ಬಾಳಬಹುದು, ಅದು ಅಭ್ಯಾಸವಾಗುತ್ತದೆ. ಆದರೆ ಹೆಂಡತಿ ಕೂಗಾಡದೆ, ಮೆಲ್ಲನೆ ಪಕ್ಕದಲ್ಲಿ ಬಂದು ಕೂತು, ತಾನಾಗಿಯೇ ಫ್ಯಾನನ್ನು ನಿಮ್ಮ ಕಡೆ ತಿರುಗಿಸಿ, "ನನ್ನದೊಂದು ಸಣ್ಣ ಆಸೆ ಉಂಟು" ಅಂದಳೋ, ಗಂಡನಾದವನು ಆ ಕ್ಷಣವೇ ಊರಿನ ದೈವಕ್ಕೆ ಹರಕೆ ಹೇಳಿಕೊಳ್ಳುವುದು ಕ್ಷೇಮ. ನಾನು ಹೇಳಿಕೊಳ್ಳಲಿಲ್ಲ. ಅದರ ಫಲವನ್ನು ಈಗ ಅನುಭವಿಸುತ್ತಿದ್ದೇನೆ.

"ಎಂತ ಆಸೆ?" ಅಂದೆ.

"ನಮ್ಮ ಮದುವೆಯ ದಿನ ಬಂತಲ್ಲ. ಇಬ್ಬರೂ ಒಂದು ಹೋಟೆಲಿಗೆ ಹೋಗುವ."

"ಇಷ್ಟೇಯಾ ಮಾರಾಯ್ತಿ? ನಾನು ಹುಟ್ಟಿದ್ದೊಂದು ಹೋಟೆಲಲ್ಲಿ ಅಲ್ಲ. ಬಾಕಿ ಎಲ್ಲ ಅಲ್ಲೇ ಆದದ್ದು."

"ಅದಕ್ಕೇ ಹೇಳುದು. ಹೋಗ್ಬೇಕು, ಕೂತ್ಕೊಳ್ಬೇಕು, ತಿನ್ಬೇಕು, ಬರ್ಬೇಕು. ಕೂತ ಕುರ್ಚಿಯಿಂದ ಏಳ್ಲಿಕ್ಕಿಲ್ಲ. ಗಿರಾಕಿಯ ಹಾಗೆ ಕೂತ್ಕೊಳ್ಬೇಕು. ನಿಮ್ಮಿಂದ ಆಗ್ತದಾ?"

ಇಲ್ಲಿ ನನ್ನ ಪರಿಚಯ ಹೇಳದಿದ್ದರೆ ನೀವು ನನ್ನ ಹೆಂಡತಿ ಮೋಹಿನಿಯ ಪಕ್ಷ ಸೇರಿಬಿಡುತ್ತೀರಿ. ನಾನು ಧನರಾಜ. ಮೂಲ್ಕಿಯ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಫೋರ್ಟ್ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ, ಸಪ್ಲೈಯರ್ ಆಗಿ, ಕ್ಯಾಪ್ಟನ್ ಆಗಿ, ಕೊನೆಗೆ ಮ್ಯಾನೇಜರ್ ಪದವಿಯನ್ನು ಅಲಂಕರಿಸಿ ಕಳೆದ ವರ್ಷ ನಿವೃತ್ತನಾದವನು. ಮ್ಯಾನೇಜರ್ ಅಂದರೆ ಗಲ್ಲಾದ ಹಿಂದೆ ಗಣಪತಿಯ ಹಾಗೆ ಕೂತಿರುವವನು ಎಂದು ಜನ ತಿಳಿದಿದ್ದಾರೆ. ಅವರು ಲಂಚ್ ಟೈಮಿನಲ್ಲಿ ಫೋರ್ಟಿಗೆ ಬಂದು ನೋಡಬೇಕು. ಬ್ಯಾಂಕಿನವರು, ಕೋರ್ಟಿನವರು, ಎಲ್ಲರೂ ಒಂದೇ ಸಲ ಹಸಿದು ಬರುವಾಗ ಮ್ಯಾನೇಜರನೂ ಇಲ್ಲ, ಮಾಲೀಕನೂ ಇಲ್ಲ. ಸಾಂಬಾರಿನ ಬಕೆಟ್ ಯಾರ ಕೈಗೆ ಸಿಕ್ಕಿತೋ ಅವನೇ ಸಪ್ಲೈಯರ್.

ಅಂಥವನ ಕೈಗೆ ಸುಮ್ಮನಿರು ಅಂದರೆ ಇರುತ್ತದೆಯೇ? ಮಾಟುಂಗದ ಒಂದು ಹೋಟೆಲಿಗೆ ಮೋಹಿನಿಯನ್ನು ಕರೆದುಕೊಂಡು ಹೋದಾಗ ನಮ್ಮ ಪ್ಲೇಟುಗಳ ಜೊತೆ ಪಕ್ಕದ ಟೇಬಲಿನವರ ಪ್ಲೇಟುಗಳನ್ನೂ ನಾನು ಒಟ್ಟಿಗೆ ಪೇರಿಸಿಟ್ಟೆ. (ಅವರಿನ್ನೂ ತಿನ್ನುತ್ತಿದ್ದರಂತೆ. ನಾನು ನೋಡಲಿಲ್ಲ.) ವಿಕ್ರೋಳಿಯ ಒಂದು ಹಾಲ್‌ನಲ್ಲಿ ಅವಳ ತಂಗಿಯ ಮಗಳ ಮದುವೆಯಾದಾಗ, ಪಂಕ್ತಿಯಲ್ಲಿ ಸಾರು ಬರುವುದು ತಡವಾಯಿತೆಂದು ಬಕೆಟ್ ಹಿಡಿದೆ. ಫೋಟೋ ಆಲ್ಬಮ್ಮಿನಲ್ಲಿ ಎಲ್ಲ ನೆಂಟರೂ ಎಲೆಯ ಮುಂದೆ ಕೂತಿದ್ದಾರೆ. ನಾನು ಹಿನ್ನೆಲೆಯಲ್ಲಿ, ಅರ್ಧ ಮುಖ ಮತ್ತು ಪೂರ್ತಿ ಬಕೆಟ್.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ನಡುವೆ ವಿನೋದಿನಿ ಬರದಿದ್ದರೆ.

ವಿನೋದಿನಿ ಎಂದರೆ ನಮ್ಮ ಜಾತಿ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ. ನಾನು ಆಕೆಯನ್ನು ಕಂಡವನಲ್ಲ, ಆಕೆ ನನ್ನನ್ನು ಕಂಡವಳಲ್ಲ. ಸಂಘದ ಕಾರ್ಯಕ್ರಮಗಳೆಲ್ಲ ಭಾನುವಾರ ಮತ್ತು ಹಬ್ಬಗಳಲ್ಲಿ. ಹೋಟೆಲಿನವನಿಗೆ ಅದೇ ದಿನ ರಶ್ಶು. ಪ್ರತಿಸಲ ಮೋಹಿನಿ ರೇಷ್ಮೆ ಸೀರೆ ಉಟ್ಟು ಕಾಯುವುದು, ನಾನು ಫೋರ್ಟಿನಿಂದ ಫೋನು ಮಾಡಿ, "ಇವತ್ತಾಗುದಿಲ್ಲ ಮೋಹಿನಿ, ಬಡಿಸ್ಲಿಕ್ಕೆ ಜನ ಇಲ್ಲ" ಎನ್ನುವುದು, ಅವಳು ಒಬ್ಬಳೇ ಹೋಗುವುದು. ನಡೆದುಕೊಂಡು ಬಂದ ಪದ್ಧತಿ, ನಿವೃತ್ತನಾದ ಮೇಲೂ ಅವಳು ಒಬ್ಬಳೇ ಹೋಗುವುದು ತಪ್ಪಲಿಲ್ಲ. ಇದರಲ್ಲಿ ತಪ್ಪೇನಿದೆಯೋ ನನಗೆ ತಿಳಿಯದು. ಆದರೆ ಈ ವಿನೋದಿನಿ, ಅರಸಿನ ಕುಂಕುಮದ ದಿನ, ಎಲ್ಲರೆದುರು ಕೇಳಿದಳಂತೆ: "ಮೋಹಿನಿ, ನಿಮ್ಮ ಯಜಮಾನ್ರು ನಿಜವಾಗ್ಲೂ ಇದ್ದಾರಾ, ಅಲ್ಲ ಕರಿಮಣಿ ಸುಮ್ಮನೆ ಫ್ಯಾಶನ್ನಿಗೆ ಹಾಕಿದ್ದಾ?"

ಎಲ್ಲರೂ ನಕ್ಕರಂತೆ. ಮೋಹಿನಿಯೂ ನಕ್ಕಳಂತೆ. ಮನೆಗೆ ಬಂದು ಅತ್ತಳು. ಅಳುತ್ತಲೇ ಯೋಜನೆ ಹಾಕಿದಳು. ಮದುವೆಯ ದಿನ ಒಂದು ಒಳ್ಳೆಯ ಜಾಗದಲ್ಲಿ ನಾವಿಬ್ಬರೂ ಎದುರೆದುರು ಕೂತಿರಬೇಕು. ಸಂಜೆ ಐದಕ್ಕೆ ವಿನೋದಿನಿಯನ್ನು ಅಲ್ಲಿಗೆ ಕರೆಯಬೇಕು. ಆಕೆ ಬಂದಾಗ ನಾನು ಕುರ್ಚಿಯಲ್ಲಿ, ಕಾಲಮೇಲೆ ಕಾಲು ಹಾಕಿಕೊಂಡು, ಒಬ್ಬ ಜೀವಂತ ಯಜಮಾನನಾಗಿ ಕಾಣಬೇಕು. ಇಷ್ಟೇ ಮೋಹಿನಿಯ ಬೇಡಿಕೆ.

"ಕೂರುದೇನು ಮಹಾ," ಅಂದೆ.

"ಈ ಸಲ ಎದ್ರಿ ಅಂತಾದ್ರೆ, ನೋಡಿ, ನಾನು ಇನ್ನು ಯಾವತ್ತೂ ನಿಮ್ಮೊಟ್ಟಿಗೆ ಹೊರಗೆ ಬರ್ಲಿಕ್ಕಿಲ್ಲ. ಅಮ್ಮನ ಆಣೆ." ನನಗೆ ಒಂದು ನಮೂನೆ ಆಯಿತು. ಕುರ್ಚಿ ಬಿಟ್ಟೇಳುವುದಿಲ್ಲ ಎಂದು ಅವಳ ಕೈಮುಟ್ಟಿ ವ್ರತ ತೊಟ್ಟೆ.

ಜಾಗ ಆರಿಸಿದ್ದು ಮಗಳು ಶ್ರೇಯಾ. ಅವಳ ಕನ್ನಡ, ಹಾರ್ಬರ್ ಲೈನಿನ ಲೋಕಲ್ ರೈಲಿನ ಹಾಗೆ, ನಿಂತು ನಿಂತು ಬರುತ್ತದೆ. "ಪಪ್ಪಾನ ಉಡುಪಿ ಹೋಟೆಲಿಗೆ ತಗೊಂಡು ಹೋದ್ರೆ ಹಿ ವಿಲ್ ಬಿ ಇನ್ ದ ಕಿಚನ್. ಚೈನೀಸಲ್ಲಿ ಕೂಡ ಕೋಯಿ ನ ಕೋಯಿ ಕಾರ್ಕಳ್‌ವಾಲಾ ನಿಕಲ್ ಆಯೇಗಾ. ಆದ್ರೆ ಮಮ್ಮಿ, ನಮ್ಮ ಹಿಂದೆ, ಗಿರಣಿ ಇತ್ತಲ್ಲ, ಅಲ್ಲಿ ನ್ಯೂ ಮೆಕ್ಸಿಕನ್ ಬೇಕರಿ ಬಂದಿದೆ. ಅವರ ಟ್ರೆಡಿಷನಲ್ ಸ್ವೀಟ್ ಬ್ರೆಡ್. ಸೋ ಕ್ಯೂಟ್! ಪಪ್ಪಾ ಕೋ ವಹಾಂ ಕುಛ್ ಸಮಝ್ ಹೀ ನಹೀ ಆಯೇಗಾ. ಟೋಟಲಿ ಸೇಫ್."

ಆಂಟಾಪ್ ಹಿಲ್‌ನಲ್ಲಿ ನಮ್ಮ ಕಾಲನಿಯ ಹಿಂದೆ ಮೊದಲು ಕಾಶಿನಾಥನ ಹಿಟ್ಟಿನ ಗಿರಣಿ ಇತ್ತು. ಅದನ್ನು ಕೆಡವಿ ಟವರ್ ಎಬ್ಬಿಸಿದ್ದಾರೆ. ಟವರಿನ ಅಡಿಯಲ್ಲಿ ಈ ಬೇಕರಿ. ಮಾಲೀಕ ಹಿತೇಶ್ ಎಂಬ ಘಾಟ್ಕೋಪರಿನ ಗುಜರಾತಿ, ಯಾವುದೋ ಕೆಲಸಕ್ಕೆಂದು ಮೆಕ್ಸಿಕೋಗೆ ಹೋಗಿ ಬನ್ನು ಕಲಿತು ಬಂದವನು. ಬಾಗಿಲಿನಲ್ಲೇ ದೊಡ್ಡದಾಗಿ ಬರೆದಿತ್ತು: ಶುದ್ಧ ಶಾಕಾಹಾರಿ, ಮೊಟ್ಟೆಯಿಲ್ಲ, ಜೈನ್ ಕೂಡ ಲಭ್ಯ. ಮೆಕ್ಸಿಕೋದವರಿಗೆ ಈ ವಿಷಯ ಗೊತ್ತಿದೆಯೋ ಇಲ್ಲವೋ.

ಮೋಹಿನಿ ನನಗೆಂದು ಹೊಸ ಶರ್ಟ್ ತೆಗೆದಿದ್ದಳು. ತಿಳಿ ಕೆನೆ ಬಣ್ಣದ್ದು. "ಒಂದು ಕಲೆ ಆಗ್ಲಿಕ್ಕಿಲ್ಲ" ಎಂದು ದಾರಿಯುದ್ದಕ್ಕೂ ಹೇಳಿದಳು. ನಾಲ್ಕೂವರೆಗೆ ಹೋಗಿ, ಕಿಟಕಿಯ ಪಕ್ಕ, ಎಸಿಯ ಅಡಿಯಲ್ಲಿ, ಎರಡು ಕುರ್ಚಿಯ ಟೇಬಲ್ ಹಿಡಿದೆವು. ಕಾಲಮೇಲೆ ಕಾಲು ಹಾಕಿದೆ. ಮೋಹಿನಿ ನನ್ನನ್ನು ನೋಡಿ ನಕ್ಕಳು. ಮದುವೆಯ ಮಂಟಪದಲ್ಲಿ ಕೂಡ ಆಕೆ ನನ್ನನ್ನು ಹಾಗೆ ನೋಡಿರಲಿಲ್ಲ. (ಅಂದು ತಲೆ ತಗ್ಗಿಸಿದ್ದಳು, ಇರಲಿ.)

ನಂತರ ಶುರುವಾಯಿತು ನನ್ನ ತಪಸ್ಸು. ಪಕ್ಕದ ಟೇಬಲಿನಲ್ಲಿ ಯಾರೋ ತಿಂದು ಹೋದ ಬನ್ನಿನ ಪುಡಿ. ಒರೆಸುವವರಿಲ್ಲ. ಆಚೆ ಟೇಬಲಿನಲ್ಲಿ ಖಾಲಿ ಲೋಟ. ಎತ್ತುವವರಿಲ್ಲ. ಗೋಡೆಯ ಬದಿಗೆ ಕಪಾಟಿನಲ್ಲಿ ಸಾಲುಸಾಲು ಬನ್ನು ಜೋಡಿಸಿಟ್ಟಿದ್ದಾರೆ, ಒಂದು ಸಾಲು ಓರೆ. ಓರೆಯಾದ ಸಾಲನ್ನು ನೋಡುತ್ತ ಕೂತಿರುವುದು ಎಂಥ ಶಿಕ್ಷೆಯೆಂದು ಹೋಟೆಲಿನವನಿಗೇ ಗೊತ್ತು. ಎರಡೂ ಕೈಗಳಿಂದ ಕುರ್ಚಿಯ ಅಂಚನ್ನು ಹಿಡಿದು ಕೂತೆ.

"ಭೇಷ್," ಅಂದಳು ಮೋಹಿನಿ. "ಹೀಗೇ ಇರಿ."

ಇದ್ದೆ. ಇದ್ದೇ ಇದ್ದೆ. ಯಾರೂ ಬರಲಿಲ್ಲ. ನೀರು ಬರಲಿಲ್ಲ, ಮೆನು ಬರಲಿಲ್ಲ, "ಕ್ಯಾ ಚಾಹಿಯೇ" ಎಂದು ಒಬ್ಬ ಪ್ರಾಣಿಯೂ ಕೇಳಲಿಲ್ಲ. ಗಿರಾಕಿ ಕೂತ ಮೇಲೆ ನೀರಿನ ಲೋಟ ಬರಲು ಇಷ್ಟು ಹೊತ್ತಾದರೆ ನಮ್ಮ ಹೋಟೆಲಿನಲ್ಲಿ ಸಪ್ಲೈಯರನ ಏಳೇಳು ಜನ್ಮ ಜಾಲಾಡಿಬಿಡುತ್ತಿದ್ದೆ. ಮೋಹಿನಿ ಬಳೆ ಸದ್ದು ಮಾಡಿದಳು. ಕೆಮ್ಮಿದಳು. ಕೊನೆಗೆ, ಶಾಲೆಯ ಹುಡುಗಿಯ ಹಾಗೆ, ಮೆಲ್ಲನೆ ಒಂದು ಬೆರಳೆತ್ತಿದಳು.

ಗಲ್ಲಾದಿಂದ ಹಿತೇಶ್ ಕೂಗಿ ಹೇಳಿದ: "ಅಂಕಲ್, ಸೆಲ್ಫ್ ಸರ್ವಿಸ್ ಹೈ! ಟ್ರೇ ಲೋ, ಚಿಮಟಾ ಲೋ, ಜೋ ಪಸಂದ್ ಹೈ ಖುದ್ ಉಠಾವೋ. ಮೆಕ್ಸಿಕೋ ಮೇ ಐಸಾ ಹೀ ಹೋತಾ ಹೈ!"

ಅಯ್ಯೋ ದೇವರೇ! ಇಡೀ ಮುಂಬಯಿಯಲ್ಲಿ ನನ್ನನ್ನು ಕೂರಿಸಲೆಂದು ಹುಡುಕಿ ತಂದ ಜಾಗ. ಅಲ್ಲಿ ಗಿರಾಕಿಯೇ ಟ್ರೇ ಹಿಡಿಯಬೇಕು!

ನಾನು ಮೋಹಿನಿಯನ್ನು ನೋಡಿದೆ. ಮೋಹಿನಿ ನನ್ನನ್ನು ನೋಡಿದಳು.

"ನೀನು ಹೋಗ್ತಿಯಾ?" ಅಂದೆ.

"ನಾನಾ? ಮದುವೆಯ ದಿನ? ನಾನು ಮನೆಯಲ್ಲಿ ಬಡಿಸ್ಬೇಕು, ಇಲ್ಲಿಯೂ ಬಡಿಸ್ಬೇಕಾ?"

"ಹಾಗಾದ್ರೆ ನಾನು ಏಳ್ಬೇಕು."

"ಏಳ್ಬಾರ್ದು!"

"ಏಳದಿದ್ರೆ ತಿನ್ನುದು ಹೇಗೆ? ಬನ್ನು ನಡ್ಕೊಂಡು ಬರ್ತದಾ?"

"ಎಲ್ಲ ಆ ಶ್ರೇಯಾಳಿಂದ. ಸೇಫ್ ಅಂತೆ ಸೇಫ್!" ಮೋಹಿನಿ ಗಡಿಯಾರ ನೋಡಿಕೊಂಡಳು. ವಿನೋದಿನಿ ಬರುವ ಹೊತ್ತಿಗೆ ಖಾಲಿ ಟೇಬಲಿನ ಮುಂದೆ ಕೂತಿರುವುದೂ ಅವಮಾನವೇ. ಹಣೆ ಚಚ್ಚಿಕೊಂಡು ಅಪ್ಪಣೆ ಕೊಟ್ಟಳು: "ಹೋಗಿ. ಸೀದ ಹೋಗಿ, ಎರಡು ಬನ್ನು ತೆಗೀರಿ, ಸೀದ ಬನ್ನಿ. ಆಚೆ ಈಚೆ ನೋಡ್ಲಿಕ್ಕಿಲ್ಲ. ಯಾರಾದ್ರೂ ಎಂತಾದ್ರೂ ಕೇಳಿದ್ರೆ ನೀವು ಕಿವುಡ. ಗೊತ್ತಾಯ್ತಲ್ಲ? ನಾನು ಅಷ್ಟರಲ್ಲಿ ಮುಖ ತೊಳ್ಕೊಂಡು ಬರ್ತೇನೆ."

ಆಕೆ ಬಾತ್‌ರೂಮಿನ ಕಡೆ ಹೋದಳು. ಅಲ್ಲಿ ದೊಡ್ಡ ಕ್ಯೂ ಇತ್ತು. ನನ್ನ ಸರ್ವನಾಶಕ್ಕೆ ಆ ಕ್ಯೂವೇ ಅರ್ಧ ಕಾರಣ.

ನಾನು ಸೀದ ಹೋದೆ. ಪ್ರಮಾಣ ಮಾಡಿ ಹೇಳುತ್ತೇನೆ, ಸೀದವೇ ಹೋದೆ. ಟ್ರೇ ತೆಗೆದೆ. ಅದು ನಮ್ಮ ಹೋಟೆಲಿನ ಟ್ರೇಯಂತೆಯೇ ದುಂಡಗಿನ ಸ್ಟೀಲಿನದು. ಎಡಗೈಯ ಐದು ಬೆರಳಿನ ಮೇಲೆ ಅದು ತಾನಾಗಿ ಹೋಗಿ ಕೂತಿತು. ಬಲಗೈಗೆ ಚಿಮಟ ಬಂತು. ಜೇಬಿನಲ್ಲಿದ್ದ ಕರವಸ್ತ್ರ ಹೆಗಲಿಗೆ ಯಾವಾಗ ಏರಿತೋ ಆ ಮೂಲ್ಕಿಯ ದೇವಿಯಮ್ಮನಿಗೇ ಗೊತ್ತು.

ಕಪಾಟಿನಲ್ಲಿ ಎಂಥೆಂಥ ಬನ್ನುಗಳು! ಒಂದರ ಮೇಲೆ ಸಕ್ಕರೆಯ ಗೆರೆಗಳು, ನಮ್ಮ ಕಡಲ ಮರುವಾಯಿಯ ಚಿಪ್ಪಿನ ಹಾಗೆ. ಅದರ ಹೆಸರು ಕೊಂಚಾ. (ಹೆಸರು ಕೊಂಚ, ರೇಟು ಮಾತ್ರ ಜಾಸ್ತಿ.) ಇನ್ನೊಂದು ಕಿವಿಯಾಕಾರದ್ದು, ಓರೆಹಾ ಅಂತೆ. ಹೆಂಡತಿಯ ಮಾತು ಕೇಳದ ಗಂಡಂದಿರಿಗೆ ಹೇಳಿ ಮಾಡಿಸಿದ್ದು. ಮತ್ತೊಂದು ಬೆಲ್ಲದ ಬಣ್ಣದ್ದು, ಹಂದಿಮರಿಯಾಕಾರ. ಶುದ್ಧ ಶಾಕಾಹಾರಿ ಜೈನ್ ಹಂದಿ. ನಾನು ಎರಡು ಕೊಂಚಾ ತೆಗೆದುಕೊಂಡೆ. ಓರೆಯಾದ ಸಾಲನ್ನು ಚಿಮಟದಿಂದ ಒಂದು ಚೂರು ಸರಿ ಮಾಡಿದೆ. ಒಂದು ಚೂರೇ.

"ಭೈಯಾ, ಯೇ ಕ್ಯಾ ಹೈ?" ಪಕ್ಕದಲ್ಲೊಬ್ಬರು ಟೋಪಿಯ ಮುದುಕರು ಕೇಳಿದರು.

ನಾನು ಕಿವುಡ. ಕಿವುಡನಾಗಿಯೇ ಇದ್ದೆ. ಆದರೆ ಗಿರಾಕಿ ಕೇಳಿದಾಗ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ಈ ಬಾಯಿಗೆ ಯಾರೂ ಕಲಿಸಿಲ್ಲ. "ಕೊಂಚಾ ಹೈ, ಓರೆಹಾ ಹೈ, ಸೂವರ್ ಹೈ ಲೇಕಿನ್ ವೆಜ್ ಹೈ, ಚಾಕಲೇಟ್ ಗರಮ್ ಹೈ, ಕಾಫಿ ಹೈ, ಕ್ಯಾ ದೂಂ ಸಾಬ್?" ಒಂದೇ ಉಸಿರಿಗೆ ಹೊರಬಂತು. ಮುದುಕರ ಮುಖ ಅರಳಿತು. ಬೇಕರಿಗೆ ಬಂದಾಗಿನಿಂದ ಅವರನ್ನೂ ಯಾರೂ ಕೇಳಿರಲಿಲ್ಲವಂತೆ. "ದೋ ಕೊಂಚಾ, ಏಕ್ ಕಾಫಿ, ಉಧರ್ ಟೇಬಲ್ ಪೇ" ಎಂದು ಹೋಗಿ ಕೂತೇಬಿಟ್ಟರು.

ಈಗ ನೀವೇ ಹೇಳಿ. ಹಿರಿಯ ಮನುಷ್ಯ ಕೂತ ಮೇಲೆ ಕೊಡದೆ ಇರಲಾಗುತ್ತದೆಯೇ? ನನ್ನ ಟ್ರೇಯಲ್ಲಿದ್ದ ಎರಡನ್ನೂ ಅವರಿಗೆ ಕೊಟ್ಟು, ಒಳಗಡೆ ತಿರುಗಿ, "ಏಕ್ ಕಾಫೀಈಈ!" ಎಂದು ಕೂಗಿದೆ. ಒಳಗಿನಿಂದ ಯಾರೋ "ಆಯಾಆ!" ಅಂದರು. ಅಬ್ಬಾ, ಆ ಉತ್ತರ ಕೇಳಿ ಎದೆಯೊಳಗೆ ಏನೋ ತಣ್ಣಗಾಯಿತು. ನಿವೃತ್ತನಾದ ಮೇಲೆ ನನ್ನ ಕೂಗಿಗೆ ಈ ಜಗತ್ತಿನಲ್ಲಿ ಯಾರೂ "ಬಂದೆ" ಅಂದಿರಲಿಲ್ಲ.

ಆಮೇಲೆ ಆದದ್ದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ಆಯಿತು ಎನ್ನುವುದೇ ಸರಿ. ಒಬ್ಬಳು ಕಾಲೇಜು ಹುಡುಗಿ "ಅಂಕಲ್, ಟಿಶ್ಯೂ" ಅಂದಳು. ಒಬ್ಬ ತಂದೆ "ಬಚ್ಚೇ ಕೇ ಲಿಯೇ ಕಮ್ ಮೀಠಾ" ಅಂದ. ಪುಡಿ ಬಿದ್ದ ಟೇಬಲ್ ಒರೆಸಿದೆ. ಲೋಟ ಎತ್ತಿದೆ. ಹಿತೇಶ್ ಗಲ್ಲಾದ ಹಿಂದಿನಿಂದ ಇದನ್ನೆಲ್ಲ ನೋಡಿ ಬೆರಗಾಗಿ, ಬುದ್ಧಿವಂತ ವ್ಯಾಪಾರಿಯಂತೆ ಬಾಯಿ ಮುಚ್ಚಿಕೊಂಡಿದ್ದ. ಕೊನೆಗೊಂದು ಏಪ್ರನ್ ತಂದು ಹಿಡಿದ. "ಅಂಕಲ್, ಪಹನ್ ಲೋ. ನಯಾ ಶರ್ಟ್ ಹೈ, ದಾಗ್ ಲಗೇಗಾ."

ಶರ್ಟು! ಒಂದು ಕಲೆ ಆಗಲಿಕ್ಕಿಲ್ಲ ಅಂದಿದ್ದಳಲ್ಲ ಮೋಹಿನಿ. ಹೆಂಡತಿಯ ಆಜ್ಞೆ ಪಾಲಿಸಲೆಂದೇ, ಕೇವಲ ಅದಕ್ಕೋಸ್ಕರ, ನಾನು ಆ ಏಪ್ರನ್ ಕಟ್ಟಿಕೊಂಡೆ. ಈ ಅಂಶವನ್ನು ಆಮೇಲೆ ಮನೆಯಲ್ಲಿ ಯಾರೂ ಪರಿಗಣಿಸಲಿಲ್ಲ.

ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಒಬ್ಬರು ಗಟ್ಟಿ ಹೆಂಗಸು ಬಂದರು. ನೀಲಿ ರೇಷ್ಮೆ ಸೀರೆ, ಕೈತುಂಬ ಬಳೆ, ಮುಖದಲ್ಲಿ ಇಡೀ ಅಂಗಡಿಯನ್ನು ಖರೀದಿಸಲು ಬಂದವರ ಠೀವಿ. "ಭೈಯಾ, ಎಸಿ ಕೇ ನೀಚೇ ಜಗಹ್ ಹೈ ಕ್ಯಾ?"

"ಬತ್ತೆ, ಬತ್ತೆ!" ಬಂದೆ ಎಂಬುದು ತುಳುವಿನಲ್ಲೇ ಹೊರಬಿತ್ತು. ಸುತ್ತ ನೋಡಿದೆ. ಎಸಿಯ ಅಡಿಯಲ್ಲಿ ಒಂದೇ ಟೇಬಲ್ ಖಾಲಿ ಇತ್ತು. ಕಿಟಕಿಯ ಪಕ್ಕದ್ದು, ಎರಡು ಕುರ್ಚಿಯದು. ಒಳ್ಳೆಯ ಟೇಬಲ್. ಕುರ್ಚಿಯನ್ನು ಹೆಗಲ ಕರವಸ್ತ್ರದಿಂದ ಒರೆಸಿ, ಎಳೆದು, "ಬೈಠಿಯೇ ಮೇಡಮ್" ಅಂದೆ. ಅದು ನನ್ನದೇ ಕುರ್ಚಿ. ಯಾವುದನ್ನು ಬಿಟ್ಟೇಳುವುದಿಲ್ಲ ಎಂದು ಹೆಂಡತಿಯ ಕೈಮುಟ್ಟಿ ಆಣೆ ಹಾಕಿದ್ದೆನೋ ಅದೇ ಕುರ್ಚಿ. ಆ ಹೊತ್ತಿಗೆ ನನಗದು ಹೊಳೆಯಲೇ ಇಲ್ಲ.

"ಓ, ನೀವು ನಮ್ಮ ಕಡೆಯವರಾ? ಊರು ಎಲ್ಲಿ ಆಯ್ತು?" ಹೆಂಗಸು ಕೂರುತ್ತ ಕೇಳಿದರು.

"ಮೂಲ್ಕಿ ಹತ್ರ."

"ಪಾಪ. ಈ ಪ್ರಾಯದಲ್ಲಿ ನಿಂತು ಕೆಲಸ ಮಾಡ್ಬೇಕಲ್ಲ. ಮಕ್ಕಳು ನೋಡ್ಕೊಳ್ಳುದಿಲ್ವಾ?"

"ಒಬ್ಳು ಮಗಳು. ನೋಡ್ಕೊಳ್ತಾಳೆ."

"ಎಂತ ನೋಡ್ಕೊಳ್ಳುದು! ಈಗಿನವ್ರು ಎಲ್ಲ ಬಾಯಲ್ಲಿ. ಇರ್ಲಿ, ಎರಡು ಒಳ್ಳೆಯದು ತನ್ನಿ. ನನ್ನ ಫ್ರೆಂಡ್ ಬರ್ಲಿಕ್ಕುಂಟು, ಅವ್ರ ಗಂಡನೂ ಬರ್ತಾರಂತೆ." ಇಷ್ಟು ಹೇಳಿ ಆಕೆ ಸಣ್ಣಗೆ ನಕ್ಕರು. "ಬಂದ್ರೆ ನೋಡುವ. ನಾನಂತೂ ಇವತ್ತಿನವರೆಗೆ ಆ ಮನುಷ್ಯನ ನೆರಳೂ ಕಂಡದ್ದಿಲ್ಲ."

ಆಗ ಹೊಳೆಯಿತು, ಈಕೆಯೇ ವಿನೋದಿನಿ! ಬಾತ್‌ರೂಮಿನ ಕಡೆಯಿಂದ, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಮಲ್ಲಿಗೆ ಸರಿ ಮಾಡಿಕೊಂಡು, ನಗುನಗುತ್ತ ಮೋಹಿನಿ ಬರುತ್ತಿದ್ದಳು.

ಆಕೆ ವಿನೋದಿನಿಯನ್ನು ನೋಡಿದಳು. ನನ್ನ ಕುರ್ಚಿಯನ್ನು ನೋಡಿದಳು. ನಂತರ ನನ್ನನ್ನು: ಏಪ್ರನ್, ಹೆಗಲ ಮೇಲೆ ಕರವಸ್ತ್ರ, ಐದು ಬೆರಳಿನ ಮೇಲೆ ಟ್ರೇ. ನಗು ಹಾಗೇ ಮುಖದಲ್ಲಿ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅದು ಟವರಿನ ನೆಲ, ಟೈಲ್ಸ್ ಹಾಕಿದ್ದರು, ಬಾಯಿ ಬಿಡಲಿಲ್ಲ.

"ಬನ್ನಿ ಮೋಹಿನಿ, ಬನ್ನಿ! ಹ್ಯಾಪಿ ಆನಿವರ್ಸರಿ! ಎಲ್ಲಿ ನಿಮ್ಮ ಯಜಮಾನ್ರು?"

ನಾನು ಬಾಯಿ ತೆರೆದೆ. ಮೋಹಿನಿ ನನಗಿಂತ ಮೊದಲೇ ಬಾಯಿ ತೆರೆದಳು.

"ಬರ್ಲಿಕ್ಕುಂಟು. ಅವರಿಗೆ ಒಂದು ಮೀಟಿಂಗ್."

"ಭಾನುವಾರ ಮೀಟಿಂಗಾ?"

"ಮ್ಯಾನೇಜ್‌ಮೆಂಟಿನವರಿಗೆ ಭಾನುವಾರ, ಸೋಮವಾರ ಅಂತ ಉಂಟಾ ವಿನೋದಿನಕ್ಕ?" ಎಂದು ಎದುರಿನ ಕುರ್ಚಿಯಲ್ಲಿ ಕೂತು, ನನ್ನ ಕಡೆ ತಿರುಗದೆಯೇ ಹೇಳಿದಳು, "ಅಣ್ಣ, ಸ್ವಲ್ಪ ನೀರು ತನ್ನಿ."

ಅಣ್ಣ! ಕಟ್ಟಿಕೊಂಡ ಹೆಂಡತಿಯ ಬಾಯಲ್ಲಿ, ಮದುವೆಯ ದಿನದಂದೇ, ಅಣ್ಣ! ನನ್ನ ಶತ್ರುವಿಗೂ ಬೇಡ ಈ ಗತಿ. ನಾನು ನೀರು ತಂದೆ. ಬೇರೆ ಏನು ಮಾಡಬಹುದಿತ್ತು? ನಾನೇ ಈಕೆಯ ಗಂಡ ಅಂದರೆ ಅವಳ ಮಾನ ಹೋಗುತ್ತದೆ, ಅನ್ನದಿದ್ದರೆ ನನ್ನದು. ನನ್ನದು ಹೇಗೂ ಏಪ್ರನ್ನಿನ ಅಡಿಯಲ್ಲಿತ್ತು.

ಕೂಗಾಡುತ್ತಾಳೆ, ಕಣ್ಣಲ್ಲೇ ಸುಡುತ್ತಾಳೆ ಎಂದುಕೊಂಡಿದ್ದೆ. ಆಕೆ ಅದಕ್ಕಿಂತ ಘೋರವಾದದ್ದನ್ನು ಮಾಡಿದಳು. ಆರ್ಡರ್ ಮಾಡಿದಳು. ಒಂದು ಕೊಂಚಾ. ಇದು ಗುಲಾಬಿ ಬಣ್ಣದ್ದು ಯಾಕೆ, ಬಿಳಿ ತನ್ನಿ. ಬಿಳಿ ತಂದೆ. ಸ್ವಲ್ಪ ಬಿಸಿ ಮಾಡಿಸಿ. ಬಿಸಿ ಮಾಡಿಸಿದೆ. ಟೇಬಲ್ ಅಲುಗುತ್ತದೆ. ಕಾಗದ ಮಡಚಿ ಕಾಲಿನಡಿ ಇಟ್ಟೆ. ಎಸಿ ಜಾಸ್ತಿಯಾಯಿತು. ಕಡಿಮೆ ಮಾಡಿಸಿದೆ. ವಿನೋದಿನಿ ಚಪ್ಪರಿಸಿಕೊಂಡು ತಿನ್ನುತ್ತ, "ಎಂಥಾ ಸರ್ವಿಸ್ ಮೋಹಿನಿ! ಫೈವ್ ಸ್ಟಾರಿನಲ್ಲೂ ಇಲ್ಲ" ಎಂದು ಹೊಗಳುತ್ತಿದ್ದರು.

ಬಿಸಿ ಚಾಕಲೇಟ್ ತಂದಿಟ್ಟಾಗ ಬಾಯಿಯ ಅಭ್ಯಾಸದಿಂದ ಕೇಳಿಬಿಟ್ಟೆ: "ಸಕ್ಕರೆ ಹೆಚ್ಚು ಬೇಕಾ, ಕಡಿಮೆಯಾ?"

ಮೋಹಿನಿ ಆಗ ಮೊದಲ ಸಲ ತಲೆಯೆತ್ತಿ ನೋಡಿದಳು. "ಕಡಿಮೆ," ಅಂದಳು. ಮತ್ತೆ ವಿನೋದಿನಿಯ ಕಡೆ ತಿರುಗಿ, "ನೋಡಿ, ಹೀಗೆ ಕೇಳ್ಬೇಕು. ನಮ್ಮ ಯಜಮಾನ್ರಿಗೆ ಫೋರ್ಟಿನಲ್ಲಿ ಯಾವ ವಕೀಲರಿಗೆ ಎಷ್ಟು ಸಕ್ಕರೆ ಅಂತ ಬಾಯಿಪಾಠ. ನನ್ನ ಹತ್ರ ಇವತ್ತಿನವರೆಗೆ ಕೇಳಿದವರಲ್ಲ" ಅಂದಳು. ವಿನೋದಿನಿ ಛೆ ಛೆ ಅಂದರು. ನಾನೂ, ಸರ್ವರ್ ಆದವನು ಗಿರಾಕಿಯ ಮಾತಿಗೆ ತಲೆಯಾಡಿಸಬೇಕಾದ್ದರಿಂದ, ಛೆ ಛೆ ಅಂದೆ.

ಯಜಮಾನರು ಕೊನೆಗೂ ಬರಲಿಲ್ಲ. ವಿನೋದಿನಿ ಹಟ ಹಿಡಿದು ತಾವೇ ಬಿಲ್ ಕೊಟ್ಟರು. ಹೋಗುವಾಗ ನನ್ನ ಅಂಗೈಯಲ್ಲಿ ಒಂದು ನೋಟು ಒತ್ತಿ, "ಮಗಳಿಗೆ ಏನಾದ್ರೂ ತಗೊಂಡು ಹೋಗಿ" ಅಂದರು. ಮೋಹಿನಿಯ ಭುಜ ತಟ್ಟಿ, "ಬೇಜಾರು ಮಾಡ್ಬೇಡಿ, ಕೆಲವರ ಹಣೆಬರಹ ಅಷ್ಟೇ" ಅಂದರು. ಇಬ್ಬರೂ ಒಟ್ಟಿಗೇ ಹೊರಟರು. ನಾನು ಬಾಗಿಲು ಹಿಡಿದು ನಿಂತೆ.

ಏಪ್ರನ್ ಬಿಚ್ಚಿ ಕೊಟ್ಟಾಗ ಹಿತೇಶ್ ಮುರಿದ ಬನ್ನುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿಕೊಟ್ಟು, "ಅಂಕಲ್, ಕಲ್ ಸೇ ಆಯೇಂಗೇ?" ಎಂದು ಆಸೆಯಿಂದ ಕೇಳಿದ. ನಾಳೆಯಿಂದಂತೆ! ಇವತ್ತು ಮನೆಗೆ ಹೋಗುವುದೇ ಹೇಗೆಂದು ಯೋಚಿಸುತ್ತ ಹೊರಟೆ. ಕಾಲನಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದೆ. ಅಮ್ಮನ ಆಣೆ ಹಾಕಿದ್ದಾಳೆ. ಇನ್ನು ನನ್ನ ಜೊತೆ ಹೊರಗೆ ಬರುವವಳಲ್ಲ. ಪೊಟ್ಟಣದಲ್ಲಿ ತಲೆಯಿಲ್ಲದ ಹಂದಿಮರಿ, ಒಂಟಿ ಕಿವಿ. ಇವನ್ನು ಹಿಡಿದುಕೊಂಡು ಯಾವ ಗಂಡಸು ಕ್ಷಮೆ ಕೇಳಬಲ್ಲ?

ಬಾಗಿಲು ತೆಗೆದರೆ ಮೋಹಿನಿ ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂತಿದ್ದಳು. ಗುನುಗುತ್ತಿದ್ದಳು!

"ಮಮ್ಮಿ, ಹೌ ವಾಸ್ ಇಟ್?" ಶ್ರೇಯಾ ಕೇಳುತ್ತಿದ್ದಳು.

"ಫಸ್ಟ್ ಕ್ಲಾಸ್. ಬನ್ನು ಸಾಧಾರಣ. ಸರ್ವಿಸ್ ಫಸ್ಟ್ ಕ್ಲಾಸ್."

"ಮೋಹಿನಿ," ಅಂದೆ ಬಾಗಿಲಲ್ಲೇ ನಿಂತು, "ತಪ್ಪಾಯ್ತು ಮಾರಾಯ್ತಿ. ನಾನು ಏಳ್ಬಾರ್ದಿತ್ತು."

"ಯಾಕೆ ಏಳ್ಬಾರ್ದು? ನೀವು ಕೂತಿದ್ರೆ ನನಗೆ ಬಿಸಿ ಬನ್ನು ಯಾರು ತಂದು ಕೊಡ್ತಿದ್ರು? ನಾನು ಕೂತ್ಕೊಂಡು, ನೀವು ನಿಂತ್ಕೊಂಡು, ಬೇಕಾ ಬೇಡ್ವಾ ಅಂತ ಕೇಳಿ... ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಆಗಿದ್ದುಂಟಾ?" ಆಕೆಯ ಕಣ್ಣಲ್ಲಿ ನೀರಿತ್ತು. ನಾನು ಪೊಟ್ಟಣವನ್ನು ಮುಂದೆ ಹಿಡಿದೆ. ಅಷ್ಟರಲ್ಲಿ ಆಕೆ ಕೈ ಚಾಚಿದಳು. "ಟಿಪ್ಸ್ ಎಲ್ಲಿ?"

ಕೊಟ್ಟೆ. ಪೊಟ್ಟಣವನ್ನು ಶ್ರೇಯಾ ಕಸಿದುಕೊಂಡು ಒಂಟಿ ಕಿವಿಯನ್ನು ಬಾಯಿಗೆ ಹಾಕಿಕೊಂಡಳು. ಆ ಮೆಕ್ಸಿಕನ್ ಬನ್ನಿನ ರುಚಿ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಗಂಡಾಂತರ ಕಳೆಯಿತಲ್ಲ ಎಂದು ಉಸಿರು ಬಿಟ್ಟು ಇನ್ನೇನು ಕುರ್ಚಿಯಲ್ಲಿ ಕೂರಬೇಕು, ಫೋನ್ ರಿಂಗಾಯಿತು. ವಿನೋದಿನಿ. ಮೋಹಿನಿ ಸ್ಪೀಕರಿಗೆ ಹಾಕಿದಳು.

"ಮೋಹಿನಿ, ಮನೆಗೆ ಮುಟ್ಟಿದ್ರಾ? ಎರಡು ವಿಷಯ. ಸಂಘದ ವಾರ್ಷಿಕೋತ್ಸವದಲ್ಲಿ ಈ ಸಲ ಆದರ್ಶ ದಂಪತಿ ಅಂತ ಸನ್ಮಾನ ಉಂಟು. ಹಾಗಾದ್ರೂ ಒಮ್ಮೆ ಅವ್ರ ಮುಖ ಕಾಣ್ಲಿ ಅಂತ ನಿಮ್ಮ ಹೆಸರು ಹಾಕಿದ್ದೇನೆ. ಸ್ಟೇಜಿನಲ್ಲಿ ಎರಡು ದೊಡ್ಡ ಕುರ್ಚಿ, ಶಾಲು, ಹಾರ, ಎಲ್ಲ. ನಿಮ್ಮ ಯಜಮಾನ್ರನ್ನು ಎಳ್ಕೊಂಡಾದ್ರೂ ಬರ್ಬೇಕು. ಇನ್ನೊಂದು ಎಂತ ಅಂದ್ರೆ, ಇವತ್ತು ಬೇಕರಿಯಲ್ಲಿ ಇದ್ರಲ್ಲ, ಆ ಮೂಲ್ಕಿಯವ್ರು? ಅವತ್ತಿನ ಊಟ ಬಡಿಸ್ಲಿಕ್ಕೆ ಅವ್ರೇ ಆಗ್ಬೇಕು. ಸನ್ಮಾನ ನಡೀತಾ ಇರುವಾಗಲೇ ಕೆಳಗೆ ಪಂಕ್ತಿ ಶುರು. ಹೇಗಾದ್ರೂ ಅವರನ್ನು ಒಪ್ಪಿಸ್ತೀರಾ?"

ನಾನು ಎರಡೂ ಕೈ ಆಡಿಸಿ ಬೇಡ ಬೇಡ ಅಂದೆ. ಮೋಹಿನಿ ನನ್ನನ್ನು ನೋಡುತ್ತಲೇ ಹೇಳಿದಳು, "ನಾನು ಹೇಳಿದ್ರೆ ಬರ್ತಾರೆ ವಿನೋದಿನಕ್ಕ. ಪಾಪದ ಜನ."

ಫೋನ್ ಇಟ್ಟಳು. ನಾನು ಕುರ್ಚಿಯಲ್ಲಿ ಕುಸಿದು ಕೂತೆ.

"ನಿನಗೆ ಮಂಡೆ ಸಮ ಉಂಟಾ? ಸ್ಟೇಜಿನಲ್ಲಿ ನಿನ್ನ ಗಂಡನಾಗಿ ಕೂರ್ಬೇಕು, ಅದೇ ಹೊತ್ತಿಗೆ ಕೆಳಗೆ ಸಾಂಬಾರು ಬಡಿಸ್ಬೇಕು! ನಾನೇನು ಅರ್ಧ ಅರ್ಧ ಕತ್ತರಿಸಿಕೊಳ್ಳುದಾ?"

"ಅಷ್ಟು ಎಂತಕ್ಕೆ ಬೊಬ್ಬೆ? ನೀವು ಕೆಳಗೇ ಇರಿ. ಸ್ಟೇಜಿಗೆ ನಿಮ್ಮ ಬದಲು ಯಾರನ್ನಾದ್ರೂ ನೋಡುವ."

"ಯಾರನ್ನಾದ್ರೂ ಅಂದ್ರೆ? ಗಂಡನ ಬದಲಾ?"

"ಕುರ್ಚಿಯಲ್ಲಿ ಸುಮ್ಮನೆ ಕೂರ್ಲಿಕ್ಕೆ ಯಾರು ಬೇಕಾದ್ರೂ ಸಿಕ್ತಾರೆ ಮಾರಾಯ್ರೆ," ಎಂದು ಮೋಹಿನಿ ಟಿಪ್ಸಿನ ನೋಟನ್ನು ಸೆರಗಿನ ಗಂಟಿಗೆ ಕಟ್ಟುತ್ತ ಹೇಳಿದಳು. "ಬಡಿಸ್ಲಿಕ್ಕೆ ಜನ ಇಲ್ಲ."